ಮಿಷನ್ ಪ್ರಾಜೆಕ್ಟಿಗೆ ಸಕ್ಕರೆ ಗೋಡೆ ಸಾಕಾ?

ಇಲ್ಲಿ ಕ್ಯಾಲಿಫೋರ್ನಿಯಾದ ನಾಲ್ಕನೇ ಕ್ಲಾಸಿನ ಮಿಷನ್ ಪ್ರಾಜೆಕ್ಟಿಗೆ, ಅಂದರೆ ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಲು ಸ್ಪೇನಿನ ಪಾದ್ರಿಗಳು ಕಟ್ಟಿದ ನೆಲೆಯ ಮಾಡೆಲ್‌ಗೆ, ಏನು ಮಾಡಿಸೋದು ಅಂತ ಬೆಳಿಗ್ಗೆ ಒಬ್ಬರು ಗ್ರೂಪಿನಲ್ಲಿ ಕೇಳಿದ್ದರು. ಥರ್ಮಾಕೋಲ್ ಎಲ್ಲಿ ಸಿಗುತ್ತೆ ಅಂತ ಆಗಲೇ ಹತ್ತು ಜನ ಹೇಳಿದ್ದೀರಿ. ನಂದು ಸ್ವಲ್ಪ ಬೇರೆ ಮಾತು.

ನಾವೂ ಮಗಳಿಗೆ ಮಾಡಿಕೊಟ್ಟಿದ್ದೆವು. ಸಕ್ಕರೆ ತುಂಡುಗಳ ಗೋಡೆ, ಪಾಸ್ತಾದ ಹೆಂಚು, ಮೇಲೊಂದು ಗಂಟೆ. ಅಂಗಳದಲ್ಲಿ ಒಬ್ಬ ಪಾದ್ರಿ, ಎರಡು ಹಸು. ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನ ಒಬ್ಬರೂ ಇರಲಿಲ್ಲ. ನಮಗೂ ಹೊಳೆದಿರಲಿಲ್ಲ ಬಿಡಿ.

ಆಮೇಲೆ ಫ್ರೀಮಾಂಟ್‌ನ ಮಿಷನ್ ಸ್ಯಾನ್ ಹೋಸೆಗೆ ಹೋದೆವು. ನಮ್ಮವರು ಶಾಲೆಗಾಗಿ ಸಾಲ ಮಾಡಿ ಮನೆ ಕೊಳ್ಳುವ ಏರಿಯಾದ ಹೆಸರೂ ಅದೇ, ಅಲ್ವಾ? ಸ್ಪೇನಿನ ಪಾದ್ರಿಗಳು ಅದನ್ನು ಶುರು ಮಾಡಿದ್ದು 1797ರಲ್ಲಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ಓಲೋನಿಗಳ ಸ್ಮಶಾನವಿದೆ. ಮಿಷನ್ ಕಟ್ಟಲು ಪಾದ್ರಿಗಳಿಗೆ ನೆರವಾದ ನಾಲ್ಕು ಸಾವಿರ ಓಲೋನಿಗಳು ಇಲ್ಲಿ ಮಲಗಿದ್ದಾರೆ ಅಂತ ಕಲ್ಲಿನ ಮೇಲೆ ಬರೆದಿದೆ.

"ಹೆಲ್ಪ್ ಮಾಡಿದ್ರಾ ಅಮ್ಮಾ? ಅಷ್ಟು ಜನ ಯಾಕೆ ಸತ್ತರು?"

ಅಲ್ಲೇ ನಿಂತು ಹೇಳಬೇಕಾಯಿತು. ಒಮ್ಮೆ ಕ್ರೈಸ್ತರಾದ ಮೇಲೆ ಅಪ್ಪಣೆ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. ಓಡಿಹೋದರೆ ಸೈನಿಕರು ಹಿಡಿದು ತರುತ್ತಿದ್ದರು, ಚಾಟಿಯೇಟು ಬೀಳುತ್ತಿತ್ತು. ಮದುವೆಯಾಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದೇ ಕೋಣೆಯಲ್ಲಿ ಹಾಕಿ ಬೀಗ ಜಡಿಯುತ್ತಿದ್ದರು. ಅದರ ಮೇಲೆ ದಡಾರದಂಥ ರೋಗಗಳು. 1769ರಿಂದ ಕಟ್ಟುತ್ತಾ ಹೋದ 21 ಮಿಷನ್‌ಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಎಲ್ಲರೂ ಸುಮ್ನೆ ಸಹಿಸಲಿಲ್ಲ. ಇದೇ ಮಿಷನ್‌ನಿಂದ ಹೊರಟ ಎಸ್ಟಾನಿಸ್ಲಾವೊ ಎಂಬ ಮೂಲನಿವಾಸಿ ನಾಯಕ, ಸ್ಪೇನ್ ಹೋಗಿ ಮೆಕ್ಸಿಕೊ ಇಲ್ಲಿ ಆಳುತ್ತಿದ್ದ ಕಾಲದಲ್ಲಿ, ಸೈನ್ಯದ ಮೇಲೆ ತಿರುಗಿಬಿದ್ದ. ಯೋಸೆಮಿಟಿ ದಾರಿಯಲ್ಲಿ ಸಿಗುವ ಸ್ಟಾನಿಸ್ಲಾಸ್ ನದಿಗೆ ಅವನದೇ ಹೆಸರು.

ಅವಳಿಗೆ ಜಾಸ್ತಿ ತಟ್ಟಿದ್ದು ಭಾಷೆಯ ವಿಷಯ. ಇಲ್ಲಿನ ಓಲೋನಿಗಳ ನುಡಿ ಚೊಚೆನ್ಯೊ. ಅದನ್ನು ಬಲ್ಲ ಕೊನೆಯ ಕೆಲವು ಹಿರಿಯರಿಂದ 1920ರ ದಶಕದಲ್ಲಿ ಹ್ಯಾರಿಂಗ್ಟನ್ ಎಂಬ ಭಾಷಾತಜ್ಞ ಕೇಳಿ ಬರೆದಿಟ್ಟಿದ್ದ. ಆ ಟಿಪ್ಪಣಿ ಹಿಡಿದು ಈಗಿನ ಓಲೋನಿಗಳು ಮತ್ತೆ ಮಾತು ಕಲಿಯುತ್ತಿದ್ದಾರೆ. ಕೇಳಿ ಕಾರಿನಲ್ಲಿ ಮಾತಿಲ್ಲದೆ ಕೂತಿದ್ದಳು. ಮುಂದಿನ ಭಾನುವಾರ ಹಟ ಮಾಡದೆ ಕನ್ನಡ ಕ್ಲಾಸಿಗೆ ಬಂದಳಾ ಅಂದರೆ, ಇಲ್ಲ!

ಮಾಡೆಲ್ ಬೇಕೇ ಬೇಕು ಅಂದರೆ ಪಕ್ಕದಲ್ಲಿ ಓಲೋನಿಗಳ ಜೊಂಡು ಹುಲ್ಲಿನ ಗುಂಡನೆ ಮನೆ ಒಂದನ್ನು ಮಾಡಿಸಿ. ಫ್ರೀಮಾಂಟ್‌ನಲ್ಲೇ ಇರುವ ಕೊಯೋಟೆ ಹಿಲ್ಸ್ ಪಾರ್ಕಿನಲ್ಲಿ ಅಂಥದ್ದನ್ನು ಕಟ್ಟಿಟ್ಟಿದ್ದಾರೆ, ಮೊದಲು ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ. ಮತ್ತೆ ಸಕ್ಕರೆ ಗೋಡೆಯನ್ನು ಗ್ಯಾರೇಜಿನಲ್ಲಿ ಇಡಬೇಡಿ, ನಮ್ಮದಕ್ಕೆ ರಾತ್ರೋರಾತ್ರಿ ಇರುವೆ ಮುತ್ತಿತ್ತು.