ಹಚ್ಚೆಯ ತೋಳು, ತಂದೆ–ಮಗನ ಮುನಿಸು: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮೈಸೂರಿನ ಓದುಗರೊಬ್ಬರು ತಮ್ಮ ಸಮಸ್ಯೆಯನ್ನು ಹೀಗೆ ತೋಡಿಕೊಂಡಿದ್ದರು: “ನಾನು 1986ರ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನೋಡಿ ಫುಟ್‌ಬಾಲಿಗೆ ಮರುಳಾದವನು. 2014ರಿಂದ ಮಗನೂ ಪಕ್ಕದಲ್ಲಿ ಕುಳಿತು ಪಂದ್ಯ ನೋಡುತ್ತಿದ್ದ. ಈಗ ಅವನಿಗೆ ಹತ್ತೊಂಬತ್ತು, ಕಾಲೇಜು ತಂಡದಲ್ಲಿ ಆಡುತ್ತಾನೆ. ಮೈತುಂಬ ಹಚ್ಚೆಯಿರುವ ಆಟಗಾರ ಟಿ.ವಿ.ಯಲ್ಲಿ ಕಂಡಾಗಲೆಲ್ಲ ನಾನು ಏನಾದರೂ ಅನ್ನುತ್ತೇನೆ, ಅವನು ಎದ್ದು ಹೋಗುತ್ತಾನೆ. ಮೆಸ್ಸಿಯ ಹಾಗೆ ಬಲತೋಳಿಗೆ ಪೂರ್ತಿ ಹಚ್ಚೆ ಬೇಕೆಂದು ಈಗ ಹಟ ಹಿಡಿದಿದ್ದಾನೆ. ನಮ್ಮ ಕಾಲದ ಮರಡೋನಾ ಮೈಮೇಲೆ ಏನಿತ್ತು ಎಂದು ಕೇಳಿದರೆ, ರಕ್ತದಾನಕ್ಕೆ ಅಡ್ಡಿಯಾಗುತ್ತದೆಂದು ರೊನಾಲ್ಡೊ ಹಚ್ಚೆಯನ್ನೇ ಹಾಕಿಸಿಕೊಂಡಿಲ್ಲ ಎಂದರೆ ನಗುತ್ತಾನೆ. ಪಂದ್ಯಗಳನ್ನು ತನ್ನ ಕೋಣೆಯಲ್ಲಿ ಮೊಬೈಲಿನಲ್ಲಿ ಒಬ್ಬನೇ ನೋಡುತ್ತಾನೆ. ಆಟಗಾರನ ಮೈ ಶುಭ್ರವಾಗಿರಲಿ ಎಂದು ಬಯಸುವುದು ತಪ್ಪೇ? ಮಗನಿಗೆ ಏನು ಹೇಳಲಿ?” ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ.

ಮಾನ್ಯರೇ, ನಿಮ್ಮ ಬಯಕೆ ತಪ್ಪಲ್ಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನಾನು ಕಂಡುಕೊಂಡದ್ದೇನೆಂದರೆ, ಹುಡುಗರು ತಮ್ಮ ಮೆಚ್ಚಿನ ಆಟಗಾರನಿಂದ ಮೊದಲು ಕಲಿಯುವುದು ಅವನ ಕ್ಷೌರದ ಶೈಲಿಯನ್ನು, ಆಮೇಲೆ ಗೋಲು ಹೊಡೆದಾಗಿನ ಕುಣಿತವನ್ನು. ಮೇಲಿನಿಂದ ಬಂದ ಚೆಂಡನ್ನು ಎದೆಯಲ್ಲಿ ತಡೆದು ಕಾಲಿಗಿಳಿಸಿಕೊಳ್ಳುವ ವಿದ್ಯೆಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಜರ್ಮನಿಯ ಲೆರಾಯ್ ಸಾನೆ 2017ರಲ್ಲಿ ಮ್ಯಾಂಚೆಸ್ಟರ್ ಸಿಟಿ ಪರ ಮೊನಾಕೊ ವಿರುದ್ಧ ಗೋಲು ಹೊಡೆದು ಸಂಭ್ರಮಿಸಿದ ತನ್ನದೇ ಚಿತ್ರವನ್ನು ಬೆನ್ನ ತುಂಬ ಹಚ್ಚೆ ಹಾಕಿಸಿಕೊಂಡರು. ಆಟ ಚೆನ್ನಾಗಿಯೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಫುಟ್‌ಬಾಲ್ ಹನ್ನೊಂದು ಜನ ಕೂಡಿ ಆಡುವ ಆಟ. ಆ ಗೋಲಿಗೆ ಚೆಂಡು ತಲುಪಿಸಿದವನ ಚಿತ್ರ ಯಾವ ಬೆನ್ನಿನ ಮೇಲಿದೆ ಎಂದು ಕೇಳಬೇಕೆನಿಸುತ್ತದೆ. ನಿಮ್ಮ ಮಗನಿಗೆ ಬೇಡವೆನ್ನಿ ಎಂದು ನಾನು ಹೇಳುವುದಿಲ್ಲ. ಎಡಗಾಲಿನಲ್ಲಿ ಇಪ್ಪತ್ತೈದು ಮೀಟರ್ ದೂರದ ಪಾಸನ್ನು ಹತ್ತಕ್ಕೆ ಎಂಟು ಬಾರಿ ಸರಿಯಾಗಿ ಕೊಡುವ ದಿನ ತೋಳಿನ ವಿಷಯ ಮಾತಾಡೋಣ ಎನ್ನಿ.
— ನಿವೃತ್ತ ಶಿಕ್ಷಕರು, ಹಾಸನ

ರಕ್ತನಿಧಿಯೊಂದರಲ್ಲಿ ಕೆಲಸ ಮಾಡುವ ವೈದ್ಯೆಯಾಗಿ ರೊನಾಲ್ಡೊ ಅವರ ಹೆಸರು ಬಂದ ಕಡೆ ಒಂದು ತಿದ್ದುಪಡಿ ಸೇರಿಸಬೇಕಾಗಿದೆ. ಹಚ್ಚೆ ಹಾಕಿಸಿಕೊಂಡವರು ಮತ್ತೆಂದೂ ರಕ್ತ ಕೊಡುವಂತಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅದು ನಿಜವಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಹಚ್ಚೆ ಹಾಕಿಸಿಕೊಂಡ ದಿನದಿಂದ ಹನ್ನೆರಡು ತಿಂಗಳು ಕಾಯಬೇಕು. ಬ್ರಿಟನ್ನಿನಲ್ಲಿ ನಾಲ್ಕು ತಿಂಗಳು ಸಾಕು. ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಥವಾ ಎಚ್‌ಐವಿ ತಗುಲಿದ್ದರೆ ಆರಂಭದ ಕೆಲವು ಕಾಲ ಪರೀಕ್ಷೆಯಲ್ಲಿ ಅದು ಗೊತ್ತಾಗದೆ ಹೋಗಬಹುದು ಎಂಬುದೇ ಈ ಕಾಯುವಿಕೆಗೆ ಕಾರಣ. ಆದರೆ ನಿಮ್ಮ ಮಗ ಕೇಳುತ್ತಿರುವುದು ತೋಳಿನುದ್ದದ ಹಚ್ಚೆಯನ್ನು. ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ವಾರಗಳ ಅಂತರದಲ್ಲಿ ಹಲವು ಸಲ ಕೂರಬೇಕಾಗುತ್ತದೆ, ಪ್ರತಿ ಸಲ ಸೂಜಿ ತಾಗಿದಾಗಲೂ ಆ ಹನ್ನೆರಡು ತಿಂಗಳ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ನಿಯಮಿತವಾಗಿ ರಕ್ತ ಕೊಡುವವರಿಗೆ, ಹೊಸ ಹೊಸ ಹಚ್ಚೆ ಸೇರಿಸುತ್ತ ಹೋಗುವ ಅಭ್ಯಾಸವಿದ್ದರೆ, ಇದು ನಿಜಕ್ಕೂ ಅಡ್ಡಿಯೇ.

ಆಟಗಾರನಿಗೆ ಬೇರೆ ಕಷ್ಟಗಳೂ ಇವೆ. ಹೊಸ ಹಚ್ಚೆಯೆಂದರೆ ಮೂಲತಃ ಗಾಯ. ಮೇಲ್ಚರ್ಮ ಮಾಯಲು ಎರಡು ಮೂರು ವಾರ ಬೇಕು, ಅಷ್ಟು ದಿನ ಬಿಸಿಲು, ಈಜು, ಬೆವರಿನಲ್ಲಿ ನೆನೆದ ಜರ್ಸಿಯ ಉಜ್ಜಾಟ ಯಾವುದೂ ಒಳ್ಳೆಯದಲ್ಲ. ಕೃತಕ ಹುಲ್ಲಿನ ಮೈದಾನದಲ್ಲಿ ಜಾರಿ ಬಿದ್ದು ತರಚಿದ ತೋಳಿನೊಂದಿಗೆ ಬರುವ ಹುಡುಗರನ್ನು ನಾನು ಆಗಾಗ ನೋಡುತ್ತೇನೆ. ಹಸಿ ಹಚ್ಚೆಯ ಮೇಲೆ ಹಾಗಾದರೆ ಸೋಂಕೂ ತಗಲುತ್ತದೆ, ಚಿತ್ರವೂ ಕೆಡುತ್ತದೆ. ಆದ್ದರಿಂದ ಪಂದ್ಯಾವಳಿ ಮುಗಿದ ಮೇಲೆ, ಕೈಗವಸು ತೊಟ್ಟು ಹೊಸ ಸೂಜಿಯನ್ನು ಕಣ್ಣೆದುರೇ ಪೊಟ್ಟಣದಿಂದ ಬಿಚ್ಚುವ ಕಡೆಗೆ ಮಾತ್ರ ಹೋಗಬೇಕು. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನರಿಗೆ ಚುಚ್ಚುವಲ್ಲಿಗೆ ಖಂಡಿತ ಬೇಡ. ಬೇಡವೆನಿಸಿದ ಮೇಲೆ ಲೇಸರಿನಿಂದ ತೆಗೆಸಬಹುದಲ್ಲ ಎನ್ನುವವರಿಗೆ ಇಷ್ಟು ಹೇಳಬಹುದು: ಕಪ್ಪು ಬಣ್ಣ ಹೆಚ್ಚುಕಡಿಮೆ ಹೋಗುತ್ತದೆ, ಹಸಿರು ಹಳದಿಗಳು ಸುಲಭಕ್ಕೆ ಬಗ್ಗುವುದಿಲ್ಲ, ಹಾಕಿಸಿಕೊಳ್ಳುವಾಗಿನ ಖರ್ಚಿಗಿಂತ ತೆಗೆಸುವ ಖರ್ಚು ಸಾಮಾನ್ಯವಾಗಿ ಹೆಚ್ಚು.
— ವೈದ್ಯೆ, ಶಿವಮೊಗ್ಗ

ಶುಭ್ರವಾದ ಮೈ ಎಂಬ ಮಾತು ನನಗೆ ಹಿಡಿಸಲಿಲ್ಲ. ನನ್ನ ಅಜ್ಜಿಯ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು ಚುಕ್ಕೆಗಳ ಸಾಲು, ನಡುವೆ ತುಳಸಿಕಟ್ಟೆ, ಗಲ್ಲದ ಮೇಲೆ ಮೂರು ಚುಕ್ಕೆ. ಅವರು ರೊಟ್ಟಿ ಬಡಿಯಲು ಕುಳಿತರೆ ಜೋಳದ ಹಿಟ್ಟು ಮೆತ್ತಿ ಆ ತುಳಸಿಕಟ್ಟೆ ಅರ್ಧ ಮುಚ್ಚಿ ಅರ್ಧ ಕಾಣುತ್ತಿತ್ತು. ನಾನು ಒಲೆಯ ಪಕ್ಕ ಕುಳಿತು ಅದು ಪೂರ್ತಿ ಯಾವಾಗ ಮುಚ್ಚೀತೆಂದು ನೋಡುತ್ತಿದ್ದೆ. ಮದುವೆಗೆ ಮುಂಚೆ ಹಚ್ಚೆ ಹಾಕಲು ಬಂದ ಕೊರವಂಜಿ ಹಾಡು ಹೇಳುತ್ತಲೇ ಚುಚ್ಚಿದಳಂತೆ, ಹುಡುಗಿಯ ಅಳು ಹೊರಗಿನ ಕಟ್ಟೆಗೆ ಕೇಳಿಸಬಾರದಲ್ಲ. “ಬಂಗಾರ ಬಿಚ್ಚಿಕೊಳ್ತಾರ, ಸೀರಿ ಬಿಚ್ಚಿಕೊಳ್ತಾರ, ಹಚ್ಚಿ ಒಂದ ಸುಡುಗಾಡಿನ ತನಕ ಬರತೈತಿ” ಎನ್ನುತ್ತಿದ್ದರು ಅಜ್ಜಿ. ಅವರ ಮೈ ಶುಭ್ರವಲ್ಲವೆಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಗಂಡು ಹುಡುಗರು, ಅದರಲ್ಲೂ ಹಣ ಗಳಿಸಿದ ಗಂಡು ಹುಡುಗರು ಹಾಕಿಸಿಕೊಂಡಾಗ ಅದು ಕೊಳಕಾಗಿ ಕಾಣತೊಡಗಿದ್ದು ಹೇಗೆ?

ಇನ್ನೊಂದು ಸಂಗತಿ. 2018ರಲ್ಲಿ, ರಷ್ಯಾದ ವಿಶ್ವಕಪ್ಪಿಗೆ ಸ್ವಲ್ಪ ಮುಂಚೆ, ಇಂಗ್ಲೆಂಡಿನ ರಹೀಂ ಸ್ಟರ್ಲಿಂಗ್ ಬಲಗಾಲಿನ ಮೇಲೆ ಬಂದೂಕಿನ ಹಚ್ಚೆ ಕಾಣಿಸಿಕೊಂಡಿತು. ಅಲ್ಲಿನ ಪತ್ರಿಕೆ ಮುಖಪುಟದಲ್ಲೇ ಕೂಗಾಡಿತು, ಅಭಿಮಾನಿಗಳಲ್ಲೂ ಎರಡು ಪಕ್ಷವಾಯಿತು, ತಂಡದಿಂದ ಕೈಬಿಡಬೇಕೆಂಬ ಮಾತೂ ಬಂತು. ಆಗ ಸ್ಟರ್ಲಿಂಗ್ ಹೇಳಿದ್ದು ಇಷ್ಟು: ತನಗೆ ಎರಡು ವರ್ಷವಾಗಿದ್ದಾಗ ತಂದೆಯನ್ನು ಗುಂಡಿಟ್ಟು ಕೊಂದರು, ಜೀವಮಾನದಲ್ಲಿ ಬಂದೂಕು ಮುಟ್ಟುವುದಿಲ್ಲವೆಂದು ತಾನು ಆಣೆ ಮಾಡಿಕೊಂಡಿದ್ದೇನೆ, ತಾನು ಹೊಡೆಯುವುದು ಬಲಗಾಲಿನಿಂದ ಮಾತ್ರ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಆ ಚಿತ್ರ ನನಗೆ ಇಂದಿಗೂ ಇಷ್ಟವಿಲ್ಲ, ನನ್ನ ಮಗನ ಕಾಲ ಮೇಲಿದ್ದರೆ ನಿದ್ದೆ ಬರುತ್ತಿರಲಿಲ್ಲ. ಆದರೆ ಕಾರಣ ಕೇಳುವ ಮೊದಲೇ ಆಡಿಕೊಂಡವರಲ್ಲಿ ನಾನೂ ಒಬ್ಬಳೆಂಬ ನಾಚಿಕೆ ಉಳಿದಿದೆ. ನೀವು ನಿಮ್ಮ ಮಗನನ್ನು ಏಕೆ ಎಂದು ಕೇಳಿದ್ದೀರಾ? ಪತ್ರದಲ್ಲಿ ಅದು ಕಾಣಲಿಲ್ಲ.
— ಗೃಹಿಣಿ, ಗದಗ

ಮರಡೋನಾ ಮೈಮೇಲೆ ಏನಿತ್ತು ಎಂದು ಕೇಳಿದ್ದೀರಿ. 1986ರ ಮಟ್ಟಿಗೆ ನಿಮ್ಮ ಮಾತು ಸರಿ. ಆಮೇಲಿನ ವರ್ಷಗಳಲ್ಲಿ ಅವರ ಬಲತೋಳಿನ ಮೇಲೆ ಚೆ ಗೆವಾರ, ಎಡಗಾಲಿನ ಮೇಲೆ ಫಿಡೆಲ್ ಕ್ಯಾಸ್ಟ್ರೋ ಬಂದು ಕುಳಿತರು! ಮಗನ ಎದುರು ಈ ಉದಾಹರಣೆ ಮತ್ತೆ ಎತ್ತಬೇಡಿ, ಸೋಲುತ್ತೀರಿ. ನಮ್ಮ ಬಡಾವಣೆಯಲ್ಲಿ ಪಂದ್ಯ ನೋಡಲು ಸೇರುವ ಹನ್ನೆರಡು ಮಂದಿಯಲ್ಲೂ ಇದೇ ಜಗಳವಿದೆ. ಹಚ್ಚೆ ಬೇಡವೆನ್ನುವ ಹಿರಿಯರೊಬ್ಬರು ಮೆಸ್ಸಿ ಚೆಂಡು ಮುಟ್ಟಿದ ಕೂಡಲೇ ಎದ್ದು ನಿಲ್ಲುತ್ತಾರೆ, ತೋಳು ಅವರ ಕಣ್ಣಿಗೆ ಬೀಳುವುದು ಚೆಂಡು ಹೊರಗೆ ಹೋದಾಗ ಮಾತ್ರ.

ನನ್ನ ಕಾಳಜಿ ಬೇರೆ, ಅದು ಕಾಗುಣಿತದ್ದು. ಡೇವಿಡ್ ಬೆಕ್‌ಹ್ಯಾಮ್ 2000ದಲ್ಲಿ ಹೆಂಡತಿ ವಿಕ್ಟೋರಿಯಾ ಹೆಸರನ್ನು ದೇವನಾಗರಿ ಲಿಪಿಯಲ್ಲಿ ಎಡತೋಳಿನ ಮೇಲೆ ಬರೆಸಿಕೊಂಡಾಗ ‘ವಿ’ ಇರಬೇಕಾದಲ್ಲಿ ‘ವ್ಹಿ’ ಬಂದು ಲೋಕವೆಲ್ಲ ನಕ್ಕಿತು. ಮರಾಠಿಯಲ್ಲಿ ಹಾಗೆಯೇ ಬರೆಯುತ್ತಾರೆ, ಅದರಲ್ಲಿ ತಪ್ಪೇನಿದೆ ಎಂದು ಬೆಳಗಾವಿಯ ನನ್ನ ಸಹೋದ್ಯೋಗಿ ಪ್ರತಿ ಸಲ ಬೆಕ್‌ಹ್ಯಾಮ್ ಪರ ವಕಾಲತ್ತು ವಹಿಸುತ್ತಾರೆ, ಅದೂ ನ್ಯಾಯವೇ. ಕನ್ನಡಕ್ಕೆ ಅಂಥ ವಕೀಲರಿಲ್ಲ. ನನ್ನ ಗೆಳೆಯನೊಬ್ಬ ಮುಂದೋಳಿನ ಮೇಲೆ ‘ಅಮ್ಮ’ ಎಂದು ಬರೆಸಲು ಹೋದ; ಅಂಗಡಿಯವನ ಕಂಪ್ಯೂಟರಿನಲ್ಲಿ ಒತ್ತಕ್ಷರ ಮುರಿದು ‘ಅಮ್‌ಮ’ ಎಂದು ಮೂಡಿದ್ದನ್ನು ಹಾಗೆಯೇ ಚರ್ಮಕ್ಕೆ ಇಳಿಸಿದರು. ಅವನ ತಾಯಿ ಅದನ್ನು ನೋಡಿ ಅತ್ತದ್ದು ಸಂತೋಷಕ್ಕೋ ಬೇಸರಕ್ಕೋ ಇಂದಿಗೂ ತಿಳಿಯದು. ನಿಮ್ಮ ಮಗ ಅಕ್ಷರ ಬರೆಸುವುದಾದರೆ ಮೊದಲು ಕಾಗದದ ಮೇಲೆ ಕೈಯಾರೆ ಬರೆದು, ಕನ್ನಡ ಮೇಷ್ಟರಿಗೆ ತೋರಿಸಿ, ಆಮೇಲೆ ಹೋಗಲಿ.
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಕ್ರೀಡಾ ಮೀಸಲಾತಿಯಲ್ಲಿ ಸೇನೆ, ಪೊಲೀಸ್ ಪಡೆಗಳಿಗೆ ಸೇರುವ ಯೋಚನೆ ಹುಡುಗನಿಗೆ ಇದೆಯೇ ಎಂಬುದನ್ನು ಮೊದಲು ವಿಚಾರಿಸಿ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ನೇಮಕಾತಿಯಲ್ಲಿ ಹಚ್ಚೆಗೆ ಅವಕಾಶವಿರುವುದು ಮುಂದೋಳಿನ ಒಳಭಾಗದಲ್ಲಿ, ಅದೂ ಸೆಲ್ಯೂಟ್ ಹೊಡೆಯದ ಎಡಗೈಯಲ್ಲಿ, ಇಲ್ಲವೇ ಅಂಗೈಯ ಹಿಂಬದಿಯಲ್ಲಿ. ಗಾತ್ರವೂ ಆ ಭಾಗದ ಕಾಲಂಶಕ್ಕಿಂತ ಕಡಿಮೆಯಿರಬೇಕು. ಬಲತೋಳಿನ ತುಂಬ ಹಚ್ಚೆಯಿದ್ದವನು ಓಟದಲ್ಲಿ ಮೊದಲಿಗನಾಗಿದ್ದರೂ ವೈದ್ಯಕೀಯ ಪರೀಕ್ಷೆಯಲ್ಲಿ ಹಿಂದಿರುಗುತ್ತಾನೆ. ನಮ್ಮೂರಿನ ಹುಡುಗನೊಬ್ಬನಿಗೆ ಹಾಗಾಯಿತು.
— ನಿವೃತ್ತ ಸೈನಿಕ, ಮಡಿಕೇರಿ

ಉದ್ಯೋಗ ನಿಮಿತ್ತ ಏಳು ವರ್ಷಗಳಿಂದ ಜಪಾನಿನಲ್ಲಿದ್ದೇನೆ. ಇಲ್ಲಿ ಹಚ್ಚೆಯೆಂದರೆ ಯಾಕೂಜಾ ಗೂಂಡಾ ಪಡೆಗಳ ಗುರುತೆಂಬ ಹಳೆಯ ಭಯ ಇನ್ನೂ ಹೋಗಿಲ್ಲ. ಅನೇಕ ಬಿಸಿನೀರಿನ ಸ್ನಾನಗೃಹಗಳ ಬಾಗಿಲಲ್ಲೇ ಹಚ್ಚೆಯವರಿಗೆ ಪ್ರವೇಶವಿಲ್ಲವೆಂಬ ಫಲಕವಿರುತ್ತದೆ. 2019ರಲ್ಲಿ ರಗ್ಬಿ ವಿಶ್ವಕಪ್ ಇಲ್ಲಿ ನಡೆದಾಗ ಈಜುಕೊಳ, ಜಿಮ್‌ಗಳಲ್ಲಿ ಹಚ್ಚೆಯನ್ನು ಮುಚ್ಚಿಕೊಳ್ಳುವಂತೆ ಆಟಗಾರರಿಗೆ ಮೊದಲೇ ಸೂಚನೆ ಹೋಗಿತ್ತು. ಚೀನಾ ಇನ್ನೂ ಮುಂದೆ ಹೋಗಿ, ರಾಷ್ಟ್ರೀಯ ಫುಟ್‌ಬಾಲ್ ತಂಡದ ಆಟಗಾರರು ಹೊಸ ಹಚ್ಚೆ ಹಾಕಿಸಿಕೊಳ್ಳಬಾರದು, ಇದ್ದವರು ತೆಗೆಸುವುದೊಳಿತು ಎಂದು 2021ರ ಡಿಸೆಂಬರಿನಲ್ಲಿ ಆದೇಶಿಸಿತು. ಆತಿಥ್ಯದ ಮರ್ಯಾದೆಗಾಗಿ ಕೆಲವು ದಿನ ಮುಚ್ಚಿಕೊಳ್ಳಿ ಎನ್ನುವುದಕ್ಕೂ ಸರ್ಕಾರ ಚರ್ಮದ ಮೇಲೆ ಕಾನೂನು ಬರೆಯುವುದಕ್ಕೂ ನನ್ನ ಲೆಕ್ಕದಲ್ಲಿ ಬಹಳ ದೂರವಿದೆ. ತಂದೆಯಾದವರು ಇವೆರಡರ ನಡುವೆ ಎಲ್ಲಿ ನಿಲ್ಲುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.
— ಎಂಜಿನಿಯರ್, ಒಸಾಕಾ

ನಾನು ನಿಮ್ಮ ಮಗನ ವಾರಿಗೆಯವನು, ಅವನ ಪರವಾಗಿಯೇ ಬರೆಯುತ್ತಿದ್ದೇನೆ. 2014ರ ಜೂನ್ 28ರಂದು ಬ್ರೆಜಿಲ್ ಎದುರು ಚಿಲಿ ಆಡಿದ ಪಂದ್ಯ ನಿಮಗೂ ಅವನಿಗೂ ನೆನಪಿರಬೇಕು, ನೀವಿಬ್ಬರೂ ಒಟ್ಟಿಗೆ ನೋಡಿದ ಮೊದಲ ವಿಶ್ವಕಪ್ ಅದು. ಹೆಚ್ಚುವರಿ ಸಮಯ ಮುಗಿಯುವ ಹೊತ್ತಿಗೆ ಚಿಲಿಯ ಮೌರಿಸಿಯೊ ಪಿನಿಯಾ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು; 1–1ರಲ್ಲೇ ಆಟ ನಿಂತು, ಪೆನಾಲ್ಟಿಯಲ್ಲಿ ಚಿಲಿ ಸೋತು ಮನೆಗೆ ಹೋಯಿತು. ಪಿನಿಯಾ ಆ ಚೆಂಡು ಪಟ್ಟಿಗೆ ಬಡಿದ ಗಳಿಗೆಯನ್ನೇ ಬೆನ್ನ ಮೇಲೆ ಹಚ್ಚೆ ಹಾಕಿಸಿಕೊಂಡು, ಕೆಳಗೆ ‘ಕೀರ್ತಿಗೆ ಒಂದು ಸೆಂಟಿಮೀಟರ್’ ಎಂಬರ್ಥದ ಸಾಲು ಬರೆಸಿದರು. ಗೆಲುವನ್ನು ಮೆರೆಸುವವರು ಸಿಗುತ್ತಾರೆ, ತನ್ನ ಸೋಲನ್ನು ಹೀಗೆ ಹೊತ್ತು ತಿರುಗುವವರು ಎಷ್ಟು ಜನ?

ಆದರೂ ಗೆಳೆಯನಿಗೆ ಒಂದು ಮಾತು. ಮೆಸ್ಸಿಯ ಬೆನ್ನಿನ ಮೇಲಿರುವುದು ಅವರ ತಾಯಿಯ ಮುಖ. ಎಡಗಾಲಿನ ಮೇಲೆ ಮಗ ತಿಯಾಗೊನ ಪುಟ್ಟ ಅಂಗೈಗಳಿದ್ದವು. ಸುತ್ತ ಬೇರೆ ಬೇರೆ ಚಿತ್ರಗಳು ತುಂಬಿ ಗೊಂದಲವಾದ ಮೇಲೆ ಅವನ್ನೆಲ್ಲ ಕಪ್ಪು ಶಾಯಿಯಿಂದ ಮುಚ್ಚಿಸಿ, ಆ ಅಂಗೈಗಳನ್ನು ಮಾತ್ರ ಚೆಂಡು ಮತ್ತು ತಮ್ಮ ಜರ್ಸಿಯ ಹತ್ತರ ಅಂಕಿಯೊಂದಿಗೆ ಉಳಿಸಿಕೊಂಡರು. ಬಲತೋಳಿನಲ್ಲಿ ಮುಳ್ಳಿನ ಕಿರೀಟದ ಯೇಸು, ತಾವರೆ, ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನ ಕಿಟಕಿಯ ವಿನ್ಯಾಸ. ಎಲ್ಲವೂ ಅವರ ಬಾಳಿನದು, ಅವರೂ ಒಂದು ಕಾಲನ್ನು ತಿದ್ದಿಸಿಕೊಂಡಿದ್ದಾರೆ. ಆ ಕಿಟಕಿಯನ್ನು ನೀನು ಯಾವತ್ತು ನೋಡಿದ್ದೀಯ, ಮಾರಾಯಾ? ಹಾಕಿಸಿಕೊಳ್ಳುವುದಾದರೆ ನಿನ್ನದನ್ನೇ ಹಾಕಿಸಿಕೊ.
— ಕಾಲೇಜು ತಂಡದ ಗೋಲ್‌ಕೀಪರ್, ಧಾರವಾಡ

2015ರ ಫೆಬ್ರವರಿಯಲ್ಲಿ ಪ್ಯಾರಿಸ್ ತಂಡದ ಜ್ಲಾಟಾನ್ ಇಬ್ರಾಹಿಮೊವಿಚ್ ಗೋಲು ಹೊಡೆದು ಅಂಗಿ ಕಳಚಿದಾಗ ಮೈಮೇಲೆ ಹೊಸದಾಗಿ ಐವತ್ತು ಹೆಸರುಗಳಿದ್ದವು, ಹಸಿವಿನಿಂದ ನರಳುತ್ತಿರುವವರ ಹೆಸರುಗಳು. ವಿಶ್ವ ಆಹಾರ ಕಾರ್ಯಕ್ರಮದ ಪರವಾಗಿ ಹಾಕಿಸಿಕೊಂಡಿದ್ದ ಆ ಹಚ್ಚೆಗಳು ತಾತ್ಕಾಲಿಕ, ತೊಳೆದರೆ ಹೋಗುವಂಥವು. ಅಂಗಿ ತೆಗೆದದ್ದಕ್ಕೆ ರೆಫರಿ ಹಳದಿ ಕಾರ್ಡ್ ತೋರಿಸಿದರು, ಅದಿರಲಿ. ನನ್ನ ಮಗಳೂ ಹಟ ಹಿಡಿದಾಗ ನೆನಪಾದದ್ದು ಇದೇ. ಅವಳಿಗೆ ಬೇಕಾಗಿದ್ದ ಚಿತ್ರವನ್ನು ಮದರಂಗಿಯಲ್ಲಿ, ಬೇಕಾದ ಜಾಗದಲ್ಲಿ, ಬೇಕಾದ ಗಾತ್ರದಲ್ಲಿ ನಾನೇ ಬರೆದುಕೊಟ್ಟೆ. ಮಾಸಿದಾಗ ಮತ್ತೆ ಬರೆದೆ, ಹೀಗೆ ಮೂರು ಸಲ. ಪ್ರತಿ ಸಲ ಅರ್ಧ ಗಂಟೆ ಅವಳ ಕೈ ನನ್ನ ತೊಡೆಯ ಮೇಲಿರುತ್ತಿತ್ತು, ಎದುರಿಗೆ ಟಿ.ವಿ.ಯಲ್ಲಿ ಪಂದ್ಯ ನಡೆಯುತ್ತಿತ್ತು. ನಾಲ್ಕನೆಯ ಸಲ ಅವಳು ಚಿತ್ರ ಬದಲಿಸಬೇಕೆಂದಳು. ಈಗ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ.
— ತಾಯಿ, ಉಡುಪಿ