‘ಮಾಸ್ಕ್’ಗೂ ನಮ್ಮ ‘ಮಸ್ಕಿರಿ’ಗೂ ಸಂಬಂಧ ಐತೇನ್ರಿ?

ನವನಗರದ ಟೇಲರ್:
ಬಾಗಲಕೋಟಿ ನವನಗರದಾಗ ನಂದು ಟೇಲರ್ ಅಂಗಡಿ. 2020ರ ಲಾಕ್‌ಡೌನ್‌ದಾಗ ಕುಪ್ಪಸ ಹೊಲಿಸೋರು ಒಬ್ಬರೂ ಬರಲಿಲ್ಲ. ಗುಳೇದಗುಡ್ಡ ಖಣದ ತುಂಡು ಚೀಲಗಟ್ಟಲೆ ಬಿದ್ದಿದ್ದವು. ಒಳಗ ಅಸ್ತರ ಕೊಟ್ಟು, ಮೂರು ನಿರಿಗಿ ಹಿಡದು ಮಾಸ್ಕ್ ಹೊಲದೆ. ಇಲಾಸ್ಟಿಕ್ ಸಿಗಲಿಲ್ಲ, ಲಾಡಿ ಹಚ್ಚಿದೆ. ಓಣ್ಯಾನ ಮುದುಕಿ ಒಬ್ಬಾಕಿ ಹೊಳ್ಳಿಸಿ ಹೊಳ್ಳಿಸಿ ನೋಡಿ, “ಇದಕ್ಕೇನಂತಾರೋ?” ಅಂದ್ಲು. “ಮಾಸ್ಕ್, ಆಯಿ” ಅಂದೆ. “ಮಸ್ಕಿರಿ ಮಾಡಬ್ಯಾಡ, ಖರೇ ಹೇಳು!” ಎತ್ತಿನ ಬಾಯಿಗೆ ಕುಕ್ಕಿ ಕಟ್ಟಿದಂಗ ಐತಿ ಅಂತ ಬೈಕೋತ ಎರಡು ಒಯ್ದಳು. ರೊಕ್ಕ ಇನ್ನೂ ಬಂದಿಲ್ಲ, ಆ ಮಾತು ಬ್ಯಾರೆ.

ನಮ್ಮ ಮಾವನ ಮಗ ಎರಡೂ ಒಂದ ಶಬ್ದ ಅಂತಾನ. ನಾ ಅಲ್ಲ ಅಂದೇನಿ. ಗಿರ್ಮಿಟ್ ಶರ್ತ. ಬಲ್ಲೋರು ಹೇಳ್ರಿ.

ವಿಜಯಪುರದ ಮಾಸ್ತರ:
ನಾನು ಉರ್ದು ಕಲಿಸಿದಂವ. ಮಸ್ಕಿರಿ ಅರಬ್ಬಿಯ ‘ಮಸ್ಖರಾ’ದಿಂದ ಬಂದದ್ದು. ಹಂಗಂದ್ರ ನಗೆಪಾಟಲಾದಂವ, ವಿದೂಷಕ. ಮರಾಠಿಯೊಳಗೂ ‘ಮಸ್ಕರಿ’ ಐತಿ. ಇಟಲಿಯ ‘ಮಾಸ್ಕೆರಾ’, ಸ್ಪೇನಿನ ‘ಮಾಸ್ಕರಾ’ ಅಂದ್ರ ಮುಖವಾಡ; ಅವು ಈ ಮಸ್ಖರಾದಿಂದಲೇ ಹುಟ್ಟಿದವು ಅನ್ನೋ ವಾದ ಹಳೇದು. ವಿದೂಷಕ ಮುಖವಾಡ ಹಾಕ್ತಾನಲ್ರಿ. ಕಣ್ಣರೆಪ್ಪಿಗೆ ಹಚ್ಚೋ ಮಸ್ಕಾರಾನೂ ಅದೇ ಬಳಗ.

ನನಗ ಇದಕ್ಕಿಂತ ರುಚಿ ಅನ್ನಿಸೋದು ‘ನಖಾಬ್’. ಅದರ ಅರಬ್ಬಿ ಧಾತುವಿಗೆ ಕೊರಿ, ತೂತು ಮಾಡು ಅಂತ ಅರ್ಥ. ಕಳ್ಳರು ಗೋಡಿಗೆ ಹಾಕೋ ಕನ್ನಕ್ಕ ಉರ್ದುವಿನಾಗ ‘ನಖಬ್’ ಅಂತೀವಿ. ಮುಚ್ಚೋ ಬಟ್ಟಿ ಹೆಸರಿನಾಗ ತೂತು ಕುಂತದ ನೋಡ್ರಿ!

ಬೆಳಗಾವಿಯಿಂದ:
ಮಾಸ್ತರೇ, ಒಂದು ತಕರಾರು. ಇಟಲಿಯನ್ನು ಆಳುತ್ತಿದ್ದ ಲೊಂಬಾರ್ಡ್ ದೊರೆ ರೋಥಾರಿ 643ರಲ್ಲಿ ಲ್ಯಾಟಿನ್‌ನಲ್ಲಿ ಬರೆಸಿದ ಕಾನೂನಿನಲ್ಲೇ ‘ಮಾಸ್ಕಾ’ ಇದೆ, ಮಾಟಗಾತಿ ಅನ್ನೋ ಅರ್ಥದಲ್ಲಿ. ಅರಬರು ಆಗಿನ್ನೂ ಇಟಲಿ ಕಡೆ ಕಾಲಿಟ್ಟಿರಲಿಲ್ಲ. ಇಟಲಿಯ ಪೀಡ್‌ಮಾಂಟ್ ಕಡೆ ಇವತ್ತಿಗೂ ಮಾಟಗಾತಿಗೆ ಅದೇ ಹೆಸರು. ಮಸ್ಖರಾ ಆಮೇಲೆ ಬಂದು ‘ರಾ’ ಅನ್ನೋ ಬಾಲ ಅಂಟಿಸಿರಬಹುದು, ಅಷ್ಟು ಒಪ್ಪುತ್ತೇನೆ. ಇಂಗ್ಲಿಷಿಗೆ ಮಾಸ್ಕ್ ಫ್ರೆಂಚಿನಿಂದ ಬಂತು, 16ನೇ ಶತಮಾನದಲ್ಲಿ.

ಯಾರಾದರೂ ‘ಮುಸುಕು’ ತಂದು ಇದಕ್ಕೆ ಗಂಟು ಹಾಕೋ ಮೊದಲೇ ಹೇಳಿಬಿಡುತ್ತೇನೆ: ಅದು ನಮ್ಮದೇ ದ್ರಾವಿಡ ಮಾತು, ತೆಲುಗಿನಲ್ಲಿ ‘ಮುಸುಗು’. ದನಿ ಕೂಡಿದ ಮಾತ್ರಕ್ಕೆ ಬೀಗತನ ಆಗಲ್ಲ.

ನವನಗರದ ಟೇಲರ್:
ಅಂದ್ರ ನಾ ಗೆದ್ದೆನೋ, ಸೋತೆನೋ? ಬಾಲದಷ್ಟು ಸೋತೆ ಅಂತ ಹೇಳಿ ಅರ್ಧ ಪ್ಲೇಟ್ ಗಿರ್ಮಿಟ್ ಕೊಡಸ್ತೀನಿ, ಮಿರ್ಚಿ ಅವನ ಖರ್ಚು. ಮುದುಕಿಗಿ ಮಾತ್ರ ಮಾಟಗಾತಿ ಸುದ್ದಿ ಹೇಳಂಗಿಲ್ರಿ. ಬರೋ ರೊಕ್ಕಾನೂ ಹೊಕ್ಕಾವ.