ಸಹಾಯ ಬೇಕು: ಬೆನ್ನಿನ ಕೆಳಗೆ ಹುಣ್ಣಿದೆ, ಊಟಕ್ಕೆ ಕೂರಿಸೋದು ಹೇಗೆ?

ಪಾರ್ಶ್ವವಾಯು ಆಗಿ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಬೆನ್ನಿನ ಕೆಳಭಾಗದಲ್ಲಿ, ಮೂಳೆ ಉಬ್ಬಿರೋ ಕಡೆ ಹುಣ್ಣಾಗಿದೆ. ಮೇಲ್ಚರ್ಮ ಕಿತ್ತಿದೆ, ಕೀವು, ಜ್ವರ ಇಲ್ಲ. ಗಾಳಿ ಹಾಸಿಗೆ ಹಾಕಿದೀವಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸ್ತೀವಿ, ಪೂರ್ತಿ ಪಕ್ಕಕ್ಕಲ್ಲ, ದಿಂಬು ಕೊಟ್ಟು 30 ಡಿಗ್ರಿ ವಾಲಿಸಿ. ಸಲೈನಿನಲ್ಲಿ ತೊಳೆದು ಡ್ರೆಸ್ಸಿಂಗ್ ಮಾಡ್ತೀವಿ. ಗಾಯ ಮಾಯೋಕೆ ದಿನಕ್ಕೆ ಒಂದು ಕೆಜಿ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅಂದಿದ್ದಾರೆ, ಸ್ವಲ್ಪ ಸ್ವಲ್ಪವಾಗಿ ತಿನ್ನಿಸ್ತಿದೀವಿ.

ತೊಡಕು ಇಲ್ಲೇ. ನುಂಗೋದು ಕಷ್ಟ, ಆಹಾರ ಶ್ವಾಸಕೋಶಕ್ಕೆ ಹೋಗಬಾರದು ಅಂತ ನೆಟ್ಟಗೆ ಕೂರಿಸ್ಬೇಕು, ತಿಂದ ಮೇಲೂ ಅರ್ಧ ಗಂಟೆ ಹಾಗೇ. ಆದ್ರೆ ಕೂತಷ್ಟು ಹೊತ್ತೂ ಕೆಳಕ್ಕೆ ಜಾರ್ತಾರೆ, ಹುಣ್ಣು ಉಜ್ಜುತ್ತೆ. ಅವರ ಮುಖ ನೋಡೋಕಾಗಲ್ಲ.

ನರ್ಸಿಂಗ್ ಗೊತ್ತಿರೋರು ದಯವಿಟ್ಟು ಹೇಳಿ: ಜಾರದ ಹಾಗೆ ಕೂರಿಸೋಕೆ, ಮಂಚದ ತಲೆಭಾಗಕ್ಕಿಂತ ಮೊದಲು ಮೊಣಕಾಲಿನ ಭಾಗ ಎತ್ತಬೇಕಾ? ತಿಂದ ಮೇಲೆ ತಲೆಭಾಗ ಎಷ್ಟು ಡಿಗ್ರಿಗೆ ಇಳಿಸಿದ್ರೆ ನುಂಗಿದ್ದಕ್ಕೂ ಹುಣ್ಣಿಗೂ ತೊಂದರೆ ಆಗಲ್ಲ?